ಮಗನಿಗೆ ಟಿವಿ ಲೈಸೆನ್ಸ್ ಕಾಗದ ಬಂದಿದೆಯಾ? ಗಾಬರಿ ಬೇಡ, ಹೀಗೆ ಮಾಡಿ

ದಾವಣಗೆರೆ ವಿದ್ಯಾನಗರದ ನಮ್ಮ ರಸ್ತೆಯಿಂದಲೇ ಓದಲಿಕ್ಕೆ ಇಂಗ್ಲೆಂಡಿಗೆ, ಜರ್ಮನಿಗೆ ಹೋದ ಮಕ್ಕಳು ಸಾಕಷ್ಟಿದ್ದಾರೆ. ಅವರು ಹೋಗಿ ಸ್ವಲ್ಪ ದಿನ ಆಗುತ್ತಿದ್ದಂತೆ ತಾಯಂದಿರು ನಮ್ಮ ಮನೆಗೆ ಬರುತ್ತಾರೆ. ಮೊಬೈಲಿನಲ್ಲಿ ಒಂದು ಕಾಗದದ ಫೋಟೋ ಇರುತ್ತದೆ. ಅದರಲ್ಲಿ ತನಿಖೆ, ಕೋರ್ಟು, ದಂಡ ಅಂತೆಲ್ಲ ಬರೆದಿರುತ್ತದೆ. "ಅಕ್ಕಾ, ಅವನ ರೂಮಿನಲ್ಲಿ ಟಿವಿನೇ ಇಲ್ಲ. ಯಾಕ್ರೀ ಹಿಂಗೆ ಹೆದರಿಸ್ತಾರೆ?"

ನನ್ನ ಹತ್ತಿರ ಬರುವುದಕ್ಕೆ ಕಾರಣ ಇದೆ. ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೇಡಿಯೋ ಲೈಸೆನ್ಸ್ ಕೌಂಟರಿನಲ್ಲಿ ಕೂರುತ್ತಿದ್ದೆ. ಇಂಥ ಕಾಗದಗಳ ಭಾಷೆ ನನಗೆ ಹೊಸದಲ್ಲ. ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ಮೊದಲು ಇಂಗ್ಲೆಂಡಿನ ಕಾಗದ. ಟಿವಿ ನೋಡಲಿಕ್ಕೆ ಅಲ್ಲಿ ಮನೆಯವರು ಕಟ್ಟುವ ವಾರ್ಷಿಕ ಶುಲ್ಕವೇ ಟಿವಿ ಲೈಸೆನ್ಸ್. ಬಿಬಿಸಿ ಅನ್ನುವ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಹೆಚ್ಚಾಗಿ ನಡೆಯುವುದು ಆ ದುಡ್ಡಿನಲ್ಲಿ. ವಿಳಾಸದ ಜಾಗ ನೋಡಿ. ಬಹಳ ಸಲ ನಿಮ್ಮ ಮಗನ ಹೆಸರೇ ಇರುವುದಿಲ್ಲ. ಈ ಮನೆಯಲ್ಲಿ ವಾಸ ಇರುವವರಿಗೆ ಅಂತಷ್ಟೇ ಇರುತ್ತದೆ. ಅಂದರೆ ಅವರು ಅವನನ್ನು ಹಿಡಿದಿಲ್ಲ. ಆ ವಿಳಾಸಕ್ಕೆ ಲೈಸೆನ್ಸ್ ಇಲ್ಲ ಅನ್ನುವುದಷ್ಟೇ ಅವರಿಗೆ ಗೊತ್ತಿರುವುದು. ಹಿಂದಿನ ಬಾಡಿಗೆದಾರರಿಗೂ ಇಂಥದ್ದೇ ಕಾಗದ ಬಂದಿರುತ್ತದೆ, ಮುಂದೆ ಬರುವವರಿಗೂ ಬರುತ್ತದೆ.

ಆಮೇಲೆ ಮಗನನ್ನೋ ಮಗಳನ್ನೋ ಫೋನಿನಲ್ಲಿ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ. ಟಿವಿ ಪೆಟ್ಟಿಗೆ ಇದೆಯಾ ಅಂತ ಕೇಳಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು, ಯಾವುದಾದರೂ ಚಾನೆಲ್ ಪ್ರಸಾರ ಆಗುತ್ತಿರುವಾಗಲೇ ಲೈವ್ ಆಗಿ ನೋಡುತ್ತೀಯಾ? ಎರಡು, ಬಿಬಿಸಿ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಅವರ ಐಪ್ಲೇಯರ್ ಬಳಸುತ್ತೀಯಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಲೈಸೆನ್ಸ್ ಬೇಕು. ಟಿವಿ, ಲ್ಯಾಪ್‌ಟಾಪ್, ಮೊಬೈಲ್ ಯಾವುದರಲ್ಲಿ ನೋಡಿದರೂ ಅಷ್ಟೇ.

ನಮ್ಮ ಮಕ್ಕಳು ಎಡವುವುದು ಇಲ್ಲೇ. "ನಾನು ಬಿಬಿಸಿ ನೋಡೋದೇ ಇಲ್ಲ ಆಂಟಿ" ಅನ್ನುತ್ತಾರೆ. ಬಿಬಿಸಿ ನೋಡದಿದ್ದರೂ ಬೇಕು. ಇಂಡಿಯಾದ ಮ್ಯಾಚ್ ಅನ್ನು ಆ್ಯಪಿನಲ್ಲಿ ಲೈವ್ ನೋಡಿದರೆ ಬೇಕು. ಬೆಂಗಳೂರಿನ ಕನ್ನಡ ನ್ಯೂಸ್ ಚಾನೆಲ್ಲನ್ನು ಇಂಟರ್ನೆಟ್ಟಿನಲ್ಲಿ ಲೈವ್ ಹಾಕಿದರೂ ಬೇಕು. ಹೊರದೇಶದ ಚಾನೆಲ್ ಅಂತ ರಿಯಾಯಿತಿ ಇಲ್ಲ. ಆದರೆ ಯೂಟ್ಯೂಬಿನಲ್ಲಿ ಹಳೇ ವಿಡಿಯೋ, ನೆಟ್‌ಫ್ಲಿಕ್ಸಿನಲ್ಲಿ ಸಿನಿಮಾ, ಮ್ಯಾಚ್ ಮುಗಿದ ಮೇಲೆ ಹೈಲೈಟ್ಸ್, ಇದಕ್ಕೆಲ್ಲ ಬೇಡ. ರೇಡಿಯೋಗೂ ಬೇಡ. ರೇಡಿಯೋಗೆ ಪ್ರತ್ಯೇಕ ಲೈಸೆನ್ಸನ್ನು ಅವರು 1971ರಲ್ಲೇ ತೆಗೆದುಹಾಕಿದರು.

ಬೇಡ ಅನ್ನುವುದು ಖಾತ್ರಿ ಆದರೆ, ಈ ಶುಲ್ಕ ವಸೂಲು ಮಾಡುವ ಟಿವಿ ಲೈಸೆನ್ಸಿಂಗ್‌ನ ವೆಬ್‌ಸೈಟಿನಲ್ಲಿ "ನನಗೆ ಲೈಸೆನ್ಸ್ ಬೇಕಿಲ್ಲ" ಅಂತ ತಿಳಿಸುವ ಫಾರಂ ಇದೆ. ತುಂಬಿ ಕಳಿಸಲಿ. ಉತ್ತರ ಕೊಡಲೇಬೇಕು ಅಂತ ಕಾನೂನೇನೂ ಇಲ್ಲ, ಆದರೆ ಕೊಟ್ಟರೆ ಕಾಗದಗಳ ಕಾಟ ಸ್ವಲ್ಪ ಕಾಲ ನಿಲ್ಲುತ್ತದೆ. ಖಾತ್ರಿ ಮಾಡಿಕೊಳ್ಳಲು ಒಬ್ಬ ಅಧಿಕಾರಿ ಬಾಗಿಲಿಗೆ ಬಂದರೂ ಬರಬಹುದು. ಕೋರ್ಟಿನ ವಾರಂಟ್ ಇಲ್ಲದೆ ಒಳಗೆ ಬರುವ ಹಕ್ಕು ಅವರಿಗಿಲ್ಲ. ಮರ್ಯಾದೆಯಿಂದ ಬಾಗಿಲಲ್ಲೇ ಮಾತಾಡಿ ಕಳಿಸಬಹುದು. ಸುಳ್ಳು ಮಾತ್ರ ಹೇಳಬಾರದು. ಲೈಸೆನ್ಸ್ ಇಲ್ಲದೆ ನೋಡುವುದು ಅಲ್ಲಿ ಅಪರಾಧ. ದಂಡ 1,000 ಪೌಂಡ್‌ವರೆಗೂ ಹೋಗಬಹುದು, ಕೋರ್ಟಿನ ಖರ್ಚು ಬೇರೆ.

ಬೇಕು ಅಂತಾದರೆ ಮನೆ ಕರಾರು ತೆಗೆದು ಓದಿ. ಹಾಸ್ಟೆಲಿನಲ್ಲಿ ಒಂದೊಂದು ರೂಮಿಗೆ ಬೇರೆ ಬೇರೆ ಕರಾರಿದ್ದರೆ ಒಬ್ಬೊಬ್ಬರೂ ಮಾಡಿಸಬೇಕು. ನಾಲ್ಕು ಜನ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಸಾಮಾನ್ಯವಾಗಿ ಮನೆಗೆ ಒಂದೇ ಸಾಕು. ಹಂಚಿಕೊಂಡು ಕಟ್ಟಲಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಮಾಡಿದರು. ನಮ್ಮ ಲೆಕ್ಕದಲ್ಲಿ 20 ಸಾವಿರದ ಆಸುಪಾಸು. ದರ ಬದಲಾಗುವುದು ಏಪ್ರಿಲ್‌ನಲ್ಲಿ, ಹಾಗಾಗಿ ಕಟ್ಟುವ ದಿನದ ದರ ನೋಡಿಕೊಳ್ಳಿ. ಅಪ್ಪ ಅಮ್ಮನ ಮನೆಯ ಲೈಸೆನ್ಸಿನಲ್ಲೇ ವಿದ್ಯಾರ್ಥಿ ನೋಡಬಹುದು ಅಂತ ಒಂದು ರಿಯಾಯಿತಿ ಇದೆ ಅಂತ ಯಾರಾದರೂ ಹೇಳಬಹುದು. ಅಪ್ಪ ಅಮ್ಮನ ಮನೆ ಬ್ರಿಟನ್ನಿನಲ್ಲಿದ್ದವರ ಮಾತು ಅದು. ವಿದ್ಯಾನಗರದ ಮನೆಗೆ ನಡೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಟಿವಿ ಲೈಸೆನ್ಸಿನ ಹೆಸರಿನಲ್ಲಿ ಮೋಸದ ಇಮೇಲುಗಳು ಬಹಳ ಓಡಾಡುತ್ತವೆ. ನಿಮ್ಮ ಲೈಸೆನ್ಸ್ ಮುಗಿದಿದೆ, ಇಲ್ಲಿ ಒತ್ತಿ ಕಾರ್ಡ್ ನಂಬರ್ ಕೊಡಿ ಅಂತ. ಇಮೇಲಿನ ಲಿಂಕ್ ಒತ್ತುವುದೇ ಬೇಡ. ವೆಬ್‌ಸೈಟಿನ ವಿಳಾಸ ತಾವೇ ಟೈಪ್ ಮಾಡಿ ಒಳಗೆ ಹೋಗಲಿ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ತಂದೆಯರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಟಿವಿ ನೋಡೋಕೂ ಸರ್ಕಾರಕ್ಕೆ ದುಡ್ಡು ಕಟ್ಟಬೇಕೇನ್ರೀ? ಎಂಥ ದೇಶ ಅದು!" ನನಗೆ ನಗು ಬರುತ್ತದೆ. ಹಾಗೆ ಕೇಳುವವರ ಅಪ್ಪಂದಿರಿಗೇ ನಾನು ಠಸ್ಸೆ ಹೊಡೆದು ಕೊಟ್ಟಿರುತ್ತೇನೆ.

ಮರೆತಿದ್ದೇವೆ ಅಷ್ಟೇ. ನಮ್ಮಲ್ಲೂ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಟಿವಿಗೆ 50 ರೂಪಾಯಿ ಇತ್ತು. ಪುಟ್ಟ ಪುಸ್ತಕ, ಅದರಲ್ಲಿ ಲೈಸೆನ್ಸ್ ಸ್ಟಾಂಪು, ಮೇಲೆ ಅಂಚೆ ಠಸ್ಸೆ. ಇನ್‌ಸ್ಪೆಕ್ಟರ್ ಬಂದು ಪುಸ್ತಕ ಕೇಳಬಹುದಿತ್ತು, ಇಲ್ಲದಿದ್ದರೆ ದಂಡ. ಬೀದಿಗೆ ಇನ್‌ಸ್ಪೆಕ್ಟರ್ ಬಂದ ಅಂದರೆ ರೇಡಿಯೋಗಳು ಅಕ್ಕಿ ಡಬ್ಬದ ಹಿಂದೆ ಹೋಗುತ್ತಿದ್ದವು. 1984ರಲ್ಲಿ ಆ ಪದ್ಧತಿ ತೆಗೆದುಹಾಕಿದರು.

ಕೌಂಟರಿನಲ್ಲಿ ನಾನು ಕಂಡ ಒಂದು ವಿಷಯ ಇದೆ. ದುಡ್ಡು ಕೊಡುವವರು ಸುಮ್ಮನೆ ಕೊಡುತ್ತಿರಲಿಲ್ಲ. "ಏನಮ್ಮಾ, ಭದ್ರಾವತಿ ಸ್ಟೇಷನ್ನಿನವರು ವಚನ ಹಾಕೋದು ಕಡಿಮೆ ಮಾಡ್ಯಾರಲ್ಲ?" "ಹತ್ತಿ ರೇಟು ಸರಿಯಾಗಿ ಹೇಳಲ್ಲ, 15 ರೂಪಾಯಿ ಯಾಕೆ ಕೊಡಬೇಕು?" ಆಕಾಶವಾಣಿಗೂ ನನಗೂ ಸಂಬಂಧವೇ ಇಲ್ಲ, ಆದರೂ ಬೈಗುಳ ನನಗೇ. ಲೈಸೆನ್ಸ್ ಹೋದ ಮೇಲೆ ದುಡ್ಡು ಹೋಗುವುದೇನೂ ನಿಲ್ಲಲಿಲ್ಲ. ತೆರಿಗೆಯಲ್ಲಿ ಸೇರಿಕೊಂಡಿತು. 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನದ ಉಪಕರಣ, ಪ್ರಸಾರ ಜಾಲಕ್ಕೆ ಅಂತ ಕೇಂದ್ರ ಸರ್ಕಾರ 2,539.61 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನನ್ನ ದುಡ್ಡು ಎಷ್ಟು, ನಿಮ್ಮದೆಷ್ಟು? ಕಾಣುವುದಿಲ್ಲ. ಕಾಣದ ದುಡ್ಡಿನ ಬಗ್ಗೆ ಯಾರೂ ಕೌಂಟರಿಗೆ ಬಂದು ಜಗಳ ಆಡುವುದಿಲ್ಲ, ಅಲ್ವಾ?

ಹಾಗಂತ ಲೈಸೆನ್ಸ್ ಇದ್ದ ಮಾತ್ರಕ್ಕೆ ರೇಡಿಯೋ ಜನರದ್ದಾಗಿತ್ತು ಅನ್ನುವವಳಲ್ಲ ನಾನು. ತುರ್ತು ಪರಿಸ್ಥಿತಿಯಲ್ಲೂ ನಮ್ಮಪ್ಪ ಲೈಸೆನ್ಸ್ ಕಟ್ಟಿದ್ದರು. ಆಕಾಶವಾಣಿ ಆಗ ನೇರವಾಗಿ ಸರ್ಕಾರದ ಇಲಾಖೆ. 1976ರಲ್ಲಿ ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪಲಿಲ್ಲ ಅಂತ ಅವರ ಹಾಡುಗಳನ್ನೇ ರೇಡಿಯೋದಲ್ಲಿ ನಿಲ್ಲಿಸಿದರು. ಅಪ್ಪನಿಗೆ ಆತನ ಹಾಡು ಅಂದರೆ ಪ್ರಾಣ. ದುಡ್ಡು ನಮ್ಮದು, ನಲ್ಲಿ ಮಾತ್ರ ದಿಲ್ಲಿಯ ಮಂತ್ರಿಗಳ ಕೈಯಲ್ಲಿತ್ತು. ಆಮೇಲೆ 1990ರಲ್ಲಿ ಆಕಾಶವಾಣಿ, ದೂರದರ್ಶನವನ್ನು ಒಂದು ಸಂಸ್ಥೆಯ ಕೈಗೆ ಕೊಡುವ ಪ್ರಸಾರ ಭಾರತಿ ಕಾಯ್ದೆ ಆಯಿತು, ಜಾರಿಗೆ ಬಂದದ್ದು 1997ರಲ್ಲಿ. ಹೆಸರಿಗೆ ಸ್ವಾಯತ್ತ. ಆದರೆ ಅದರ 23ನೇ ಸೆಕ್ಷನ್ ಓದಿ ನೋಡಿ. ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆಯಂಥ ಕಾರಣಕ್ಕೆ ಇದನ್ನು ಪ್ರಸಾರ ಮಾಡಬೇಡಿ ಅಂತ ಕೇಂದ್ರ ಸರ್ಕಾರ ನಿರ್ದೇಶನ ಕೊಡಬಹುದು. ಖರ್ಚಿಗೂ ಹೆಚ್ಚಿನಂಶ ಸರ್ಕಾರದ ಅನುದಾನವೇ.

ಇಂಗ್ಲೆಂಡಿನಲ್ಲಿ ದುಡ್ಡು ಜನರಿಂದಲೇ ಬಂದರೂ ಎಷ್ಟು ಅಂತ ಗೊತ್ತು ಮಾಡುವುದು ಸರ್ಕಾರ. ಜಗಳ ಹುಟ್ಟುವುದು ಅಲ್ಲೇ. 2022ರ ಜನವರಿಯಲ್ಲಿ ಮಂತ್ರಿ ನಡೀನ್ ಡೋರಿಸ್ ಶುಲ್ಕವನ್ನು 159 ಪೌಂಡಿಗೆ ಎರಡು ವರ್ಷ ಹಾಗೇ ನಿಲ್ಲಿಸಿದರು. ಬೆಲೆ ಏರುತ್ತಿದ್ದ ಕಾಲ, ಬಿಬಿಸಿಗೆ ಅದು ಕಡಿತವೇ. ಬಿಬಿಸಿ ನಡೆಯುವುದು ರಾಜಸನ್ನದಿನ ಮೇಲೆ, ಅಂದರೆ ರಾಜಮನೆತನದ ಹೆಸರಿನಲ್ಲಿ ಇಂತಿಷ್ಟು ವರ್ಷಕ್ಕೆ ಅಂತ ಕೊಡುವ ಅಧಿಕಾರಪತ್ರದ ಮೇಲೆ. ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮುಂದೆ ಲೈಸೆನ್ಸ್ ಇರಬೇಕೋ, ಜಾಹೀರಾತು ತರಬೇಕೋ, ಚಂದಾ ಮಾಡಬೇಕೋ ಅಂತ ಎಳೆದಾಟ. ಇರಾಕ್ ಯುದ್ಧದ ವರದಿಯ ಮೇಲೆ ಸರ್ಕಾರದ ಜೊತೆ ಜಟಾಪಟಿ ಆಗಿ 2004ರಲ್ಲಿ ಬಿಬಿಸಿಯ ಅಧ್ಯಕ್ಷ, ಮಹಾನಿರ್ದೇಶಕ ಇಬ್ಬರೂ ರಾಜೀನಾಮೆ ಕೊಟ್ಟರು. ಆದರೂ ಮಂತ್ರಿಗಳನ್ನು ಕೆಣಕುವ ಪ್ರಶ್ನೆ ಕೇಳುವುದನ್ನು ಅವರು ಬಿಟ್ಟಿಲ್ಲ. ಅದು ನನಗೆ ಇಷ್ಟ. ಗ್ರೀಸಿನಲ್ಲಿ ಈ ಶುಲ್ಕವನ್ನು ಕರೆಂಟ್ ಬಿಲ್ಲಿನಲ್ಲೇ ಸೇರಿಸಿ ವಸೂಲು ಮಾಡುತ್ತಿದ್ದರು. 2013ರ ಜೂನ್‌ನಲ್ಲಿ ಸರ್ಕಾರ ಒಂದೇ ರಾತ್ರಿಯಲ್ಲಿ ಇಆರ್‌ಟಿ ಅನ್ನುವ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪ್ರಸಾರ ಬಂದ್ ಮಾಡಿಬಿಟ್ಟಿತು. ಮತ್ತೆ ಶುರು ಆದದ್ದು 2015ರಲ್ಲಿ. ಜನ ತಪ್ಪದೆ ಬಿಲ್ ಕಟ್ಟಿದ್ದರು, ಉಪಯೋಗಕ್ಕೆ ಬರಲಿಲ್ಲ.

ಅದಕ್ಕೇ ಮಕ್ಕಳಿಗೆ ಹೇಳುತ್ತೇನೆ, ಕಟ್ಟಿದರೆ ಅದರ ಹಕ್ಕನ್ನೂ ಬಳಸಿ. ಬಿಬಿಸಿ ಕಾರ್ಯಕ್ರಮದಲ್ಲಿ ತಪ್ಪು ಕಂಡರೆ, ಪ್ರಸಾರ ಆದ ಮೇಲೆ ರಜೆ ಬಿಟ್ಟು 30 ಕೆಲಸದ ದಿನದೊಳಗೆ ಅವರ ವೆಬ್‌ಸೈಟಿನಲ್ಲೇ ದೂರು ಕೊಡಬಹುದು. ಉತ್ತರ ಒಪ್ಪಿಗೆ ಆಗದಿದ್ದರೆ ಬಿಬಿಸಿಯಲ್ಲೇ ಮೇಲಿನ ಹಂತಕ್ಕೆ, ಆಮೇಲೆ ಆಫ್‌ಕಾಮ್ ಅನ್ನುವ ನಿಯಂತ್ರಣ ಸಂಸ್ಥೆಗೆ. ಇಲ್ಲಿ ನಮಗೂ ದಾರಿ ಇದೆ. ಚಿತ್ರದುರ್ಗ ಆಕಾಶವಾಣಿಯ 102.6ರಲ್ಲಿ ಸ್ಥಳೀಯ ಕಾರ್ಯಕ್ರಮಕ್ಕೆ ಎಷ್ಟು ಹೊತ್ತು, ಎಷ್ಟು ಹುದ್ದೆ ಖಾಲಿ ಅಂತ ತಿಳಿಯಬೇಕಾದರೆ ಪ್ರಸಾರ ಭಾರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಆನ್‌ಲೈನಿನಲ್ಲೂ ಆಗುತ್ತದೆ. ನಾನಂತೂ ಪೋಸ್ಟಲ್ ಆರ್ಡರ್ ಪಕ್ಷ. ಅದನ್ನು ಅಕೌಂಟ್ಸ್ ಆಫೀಸರ್ ಹೆಸರಿಗೆ ತುಂಬಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು.

ಇನ್ನು ಜರ್ಮನಿ. ಅಲ್ಲಿ ವಾದವೇ ನಡೆಯುವುದಿಲ್ಲ. ಟಿವಿ ಇಲ್ಲ, ಭಾಷೆ ಬರಲ್ಲ, ನೋಡೋದೇ ಇಲ್ಲ ಅನ್ನುವ ಯಾವ ಮಾತೂ ಸಲ್ಲದು. 2013ರಿಂದ ಟಿವಿ, ರೇಡಿಯೋ ಶುಲ್ಕದ ಲೆಕ್ಕ ಮನೆಗೆ, ಪೆಟ್ಟಿಗೆಗೆ ಅಲ್ಲ. ತಿಂಗಳಿಗೆ 18.36 ಯೂರೋ. ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಮೇಲೆ ಈ ಶುಲ್ಕ ವಸೂಲು ಮಾಡುವ ಬೈಟ್ರಾಗ್ಸ್‌ಸರ್ವಿಸ್ ಅನ್ನುವವರಿಂದ ಕಾಗದ ಬರುತ್ತದೆ. ಅದನ್ನು ಪಕ್ಕಕ್ಕೆ ಎಸೆಯಬೇಡಿ. ಬಾಕಿ ಬೆಳೆಯುತ್ತದೆ, ವಿಳಂಬ ಶುಲ್ಕ ಸೇರುತ್ತದೆ, ಕೊನೆಗೆ ಜಪ್ತಿವರೆಗೂ ಹೋಗಬಹುದು. ಹಂಚಿಕೊಂಡ ಮನೆಯಾದರೆ ಮೊದಲು ರೂಮ್‌ಮೇಟುಗಳನ್ನು ಕೇಳಿ. ಮನೆಗೆ ಒಬ್ಬರು ಕಟ್ಟಿದರೆ ಸಾಕು. ಈಗಾಗಲೇ ಕಟ್ಟುತ್ತಿರುವವರ ಖಾತೆ ನಂಬರನ್ನು ಬರೆದು ಉತ್ತರ ಕಳಿಸಿದರೆ ಮುಗಿಯಿತು. ಹಾಸ್ಟೆಲಿನಲ್ಲಿ ಎಲ್ಲರೂ ಓಡಾಡುವ ಕಾರಿಡಾರಿಗೆ ರೂಮಿನ ಬಾಗಿಲು ತೆರೆಯುವುದಾದರೆ ಮಾತ್ರ ರೂಮಿಗೊಂದು.

ಅಲ್ಲಿಯೂ ಜಗಳ ಇದೆ, ರೀತಿ ಬೇರೆ. ಎಷ್ಟು ದುಡ್ಡು ಬೇಕು ಅಂತ ಒಂದು ಸ್ವತಂತ್ರ ಆಯೋಗ ಲೆಕ್ಕ ಹಾಕುತ್ತದೆ, ರಾಜ್ಯಗಳೆಲ್ಲ ಒಪ್ಪಬೇಕು. 2020ರಲ್ಲಿ ಸ್ಯಾಕ್ಸನಿ ಆನ್‌ಹಾಲ್ಟ್ ಅನ್ನುವ ಒಂದೇ ರಾಜ್ಯ 86 ಸೆಂಟ್ ಏರಿಕೆಯನ್ನು ತಡೆದು ಕೂತಿತು. 2021ರ ಆಗಸ್ಟಿನಲ್ಲಿ ಸಂವಿಧಾನ ನ್ಯಾಯಾಲಯ ಇದು ಪ್ರಸಾರ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಹೇಳಿ ಏರಿಕೆ ಜಾರಿ ಮಾಡಿತು. 86 ಸೆಂಟಿಗೆ ಸಂವಿಧಾನ ತೆಗೆದು ಓದಿದ ದೇಶ. ನಾನು ಯಾವುದಾದರೂ ಪದ್ಧತಿಗೆ ಓಟು ಹಾಕಬೇಕಾದರೆ ಇದಕ್ಕೇ ಹಾಕುತ್ತೇನೆ, ಕಟ್ಟುವ ವಿದ್ಯಾರ್ಥಿಗೆ ಕಷ್ಟವೇ ಆದರೂ.

ಬೇರೆ ದೇಶಗಳು ಚುಟುಕಾಗಿ. ಐರ್ಲೆಂಡಿನಲ್ಲಿ ಟಿವಿ ಇದ್ದರೆ ವರ್ಷಕ್ಕೆ 160 ಯೂರೋ. ಸ್ವಿಟ್ಜರ್ಲೆಂಡಿನಲ್ಲಿ ಮನೆಗೊಂದು ಶುಲ್ಕ. ಅದನ್ನು ತೆಗೆಯಬೇಕಾ ಅಂತ 2018ರಲ್ಲಿ ಜನಮತ ಕೇಳಿದಾಗ 71.6 ಶೇಕಡಾ ಜನ ಬೇಡ, ಇರಲಿ ಅಂದರು. ಜಪಾನಿನಲ್ಲಿ ಟಿವಿ ಇದ್ದರೆ ಎನ್‌ಎಚ್‌ಕೆ ಅನ್ನುವ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜೊತೆ ಶುಲ್ಕದ ಕರಾರು. ಫ್ರಾನ್ಸ್ 2022ರಲ್ಲಿ ತೆಗೆದುಹಾಕಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದವರಿಗೆ ಈ ತಲೆನೋವಿಲ್ಲ.

ವಾಪಸ್ ಬರುವಾಗ ಎರಡು ಕೆಲಸ ಮರೆಯಬಾರದು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಮುಗಿಯುವ ಮೊದಲೇ ಹೊರಟರೆ ಉಳಿದ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳಬಹುದು. ಅದು ಕೈಗೆ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಜರ್ಮನಿಯಲ್ಲಿ ಊರಿನ ಕಚೇರಿಗೆ ವಿಳಾಸ ರದ್ದು ಮಾಡಿದ ಕಾಗದದ ಪ್ರತಿಯನ್ನು ಬೈಟ್ರಾಗ್ಸ್‌ಸರ್ವಿಸ್‌ಗೂ ಬೇರೆಯಾಗಿ ಕಳಿಸಿ ಖಾತೆ ಮುಚ್ಚಿಸಿ. ಇಲ್ಲದಿದ್ದರೆ ನೀವು ದಾವಣಗೆರೆಯಲ್ಲಿ ಕೂತಿದ್ದರೂ ಅಲ್ಲಿ ಲೆಕ್ಕ ಓಡುತ್ತಲೇ ಇರುತ್ತದೆ.