ಗುಡ್ಡೆ ತೋಟದ ಮಣ್ಣು ತೋಡಿಗೆ ಹೋಗದಿರಲು: ಅಗೆಯದೆ ಹಸಿರು ಹೊದಿಸುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾರ್ಕಳ, ಮೂಡುಬಿದಿರೆ, ಬಂಟ್ವಾಳ ಕಡೆಯ ಯಾವ ತೋಡನ್ನಾದರೂ ನೋಡಿ. ನೀರು ಕೆಂಪಾಗಿ ಹರಿಯುತ್ತಿರುತ್ತದೆ. ಅದರಲ್ಲಿರುವುದು ಯಾರದೋ ತೋಟದ ಮೇಲ್ಮಣ್ಣು. ಗುಡ್ಡೆಯನ್ನು ಜೆಸಿಬಿಯಲ್ಲಿ ತಟ್ಟು ತಟ್ಟಾಗಿ ಕಡಿದು, ಅಡಿಕೆ ಸಸಿ ಇಟ್ಟು, ಮೇ ತಿಂಗಳಲ್ಲಿ ಕಳೆನಾಶಕ ಹೊಡೆದು ‘ಕ್ಲೀನ್’ ಮಾಡಿ ಬಿಟ್ಟರೆ ಆಗುವುದು ಅದೇ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರಿನ ಎದುರು ಬೋಳು ಮಣ್ಣು ನಿಲ್ಲುವುದಿಲ್ಲ.

‘ಮರದ ನೆರಳಿದೆ ಅಲ್ವಾ, ಮಣ್ಣಿಗೆ ಏನಾಗುತ್ತದೆ?’ ಎಂದು ಹಳೆ ತೋಟದವರು ಕೇಳುವುದುಂಟು. ಅಡಿಕೆ ಸೋಗೆಯ ಮೇಲೆ ಬಿದ್ದ ಸಣ್ಣ ಹನಿಗಳು ಒಟ್ಟುಗೂಡಿ ದಪ್ಪ ಹನಿಯಾಗುತ್ತವೆ. ಮತ್ತೆ 30–40 ಅಡಿ ಎತ್ತರದಿಂದ ಬೀಳುತ್ತವೆ. ಆ ಹನಿ ಬಿದ್ದಲ್ಲಿ ಮಣ್ಣಿನ ಕಣ ಒಡೆಯುತ್ತದೆ. ಒಡೆದ ನುಣುಪು ಮಣ್ಣು ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಮೇಲಿಂದಲೇ ಓಡುತ್ತದೆ. ಹಾಗಾಗಿ ಹೊದಿಕೆ ಬೇಕಾದದ್ದು ಮೇಲೆ ಅಲ್ಲ, ನೆಲಕ್ಕೆ ತಾಗಿಕೊಂಡು.

ಇನ್ನೊಂದು ಕಾರಣ ಸೊಪ್ಪು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರು ಸೊಪ್ಪು, 12 ಕೆ.ಜಿ. ಕಾಂಪೋಸ್ಟ್ ಹಾಕಬೇಕು ಎಂಬ ಶಿಫಾರಸು ಮೊದಲಿನಿಂದಲೂ ಇದೆ. ಹಿಂದಿನವರು ಆ ಸೊಪ್ಪನ್ನು ಕುಮ್ಕಿಯಿಂದ, ಅಂದರೆ ಜಮೀನಿಗೆ ತಾಗಿದ ಸರ್ಕಾರಿ ಜಾಗದಿಂದ ತರುತ್ತಿದ್ದರು. ಈಗ ಎಷ್ಟೋ ಕಡೆ ಕುಮ್ಕಿಯೇ ರಬ್ಬರ್ ತೋಟ ಆಗಿದೆ, ಇಲ್ಲವೇ ಅಡಿಕೆ ತೋಟ ಆಗಿದೆ. ಸೊಪ್ಪು ಕಡಿದು ಹೊತ್ತು ತರುವ ಜನವೂ ಇಲ್ಲ. ಹಾಗಾದರೆ ಸೊಪ್ಪನ್ನು ತೋಟದೊಳಗೇ ಬೆಳೆಸುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಮೊದಲು, ನಿಮಗೆ ಇದು ಬೇಕಾ ನೋಡಿ

ಅಡಿಕೆಯ ಎಡೆಯಲ್ಲಿ ಕೊಕ್ಕೋ ಒತ್ತಾಗಿ ಬೆಳೆದು, ನೆಲದಲ್ಲಿ ತರಗೆಲೆ ದಪ್ಪಗೆ ಬಿದ್ದಿದ್ದರೆ ಬೇಡ. ಆ ಎಲೆ ಗುಡಿಸದಿದ್ದರೆ ಸಾಕು. ಎಳೆ ತೋಟ, ಇಳಿಜಾರು ತೋಟ, ಮರಗಳ ಮಧ್ಯೆ ಬಿಸಿಲು ಬೀಳುವ ತೋಟ – ಇವಕ್ಕೆ ಬೇಕೇ ಬೇಕು.

ಬೀಜದ ಆಯ್ಕೆ

ನನ್ನ ಆಯ್ಕೆ ಜೋಡಿ ಬೀಜ: ಅಲಸಂಡೆ ಮತ್ತು ಪ್ಯುರೇರಿಯ. ಪ್ಯುರೇರಿಯ ಎಂದರೆ ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಬಿಡುವ ಬಳ್ಳಿ. ನೆರಳು ತಡೆದುಕೊಳ್ಳುತ್ತದೆ, ಗಂಟು ಗಂಟಿನಲ್ಲಿ ಬೇರು ಬಿಡುತ್ತದೆ, ಗಾಳಿಯ ಸಾರಜನಕವನ್ನು ಬೇರಿನ ಗಂಟಿಗೆ ಇಳಿಸುತ್ತದೆ. ಒಂದೇ ದೋಷ ಎಂದರೆ ಮೊದಲ ಎರಡು ತಿಂಗಳು ಅದು ಏಳುವುದೇ ಇಲ್ಲ. ಜೋರು ಮಳೆ ಬರುವುದು ಆ ಎರಡು ತಿಂಗಳಲ್ಲೇ. ಅಲಸಂಡೆ ಮೂರು ವಾರದಲ್ಲಿ ನೆಲ ಹಿಡಿಯುತ್ತದೆ. ಅದು ಸೋಲುವ ಹೊತ್ತಿಗೆ ಪ್ಯುರೇರಿಯ ಹಬ್ಬಿರುತ್ತದೆ. ಎಕರೆಗೆ ಪ್ಯುರೇರಿಯ ಒಂದೂವರೆ ಕೆ.ಜಿ., ಅಲಸಂಡೆ ಐದು ಕೆ.ಜಿ. ಸಾಕು.

ಹಸಿರೆಲೆ ಗೊಬ್ಬರದ ಸೆಣಬು ಒಳ್ಳೆಯದೇ, ಆದರೆ ಅದಕ್ಕೆ ಪೂರ್ತಿ ಬಿಸಿಲು ಬೇಕು. ಎರಡು ವರ್ಷದೊಳಗಿನ ತೋಟಕ್ಕೆ ಮಾತ್ರ ಹಾಕಿ. ಡಯಾಂಚವೂ ಹಸಿರೆಲೆ ಗೊಬ್ಬರದ ಗಿಡವೇ, ಆದರೆ ಅದು ಗದ್ದೆಗೆ. ಮುಕುನಾ ಬಳ್ಳಿ ಬೇಡ ಎಂದೇ ಹೇಳುತ್ತೇನೆ. ಅಷ್ಟು ಜೋರಾಗಿ ಬೆಳೆಯುವ ಬಳ್ಳಿಯನ್ನು ದಿನಾ ನೋಡಿಕೊಳ್ಳುವ ಜನ ಇದ್ದರೆ ಸರಿ, ಇಲ್ಲದಿದ್ದರೆ ಸಸಿಯನ್ನೇ ನುಂಗುತ್ತದೆ. ಮುಳ್ಳಿಲ್ಲದ ಮಿಮೋಸ ಎಂದು ಕೊಡುವ ಬೀಜದಲ್ಲಿ ಮುಳ್ಳಿನದ್ದೂ ಸೇರಿಕೊಂಡರೆ ಮತ್ತೆ ತೋಟಕ್ಕೆ ಬರಿಗಾಲಲ್ಲಿ ಇಳಿಯುವ ಹಾಗಿಲ್ಲ.

ಪ್ಯುರೇರಿಯ ಬೀಜ ರಬ್ಬರ್ ನರ್ಸರಿಗಳಲ್ಲಿ ಸಿಗುತ್ತದೆ. ಸೆಣಬು, ಡಯಾಂಚಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಏಪ್ರಿಲ್‌ನಲ್ಲೇ ಕೇಳಿಡಿ. ಅಂಗಡಿಯಲ್ಲಿ ‘ಮಣ್ಣು ಮೃದು ಮಾಡುವ’ ದ್ರಾವಣ ಎಂದು ಬಾಟ್ಲಿ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ. ರೈಜೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಸೂಕ್ಷ್ಮಾಣು) ಪ್ಯಾಕೆಟ್ ಬೇಕಾದರೆ ತೆಗೆದುಕೊಳ್ಳಿ, ಆದರೆ ದಿನಾಂಕ ನೋಡಿ. ಬಿಸಿಲಿಗೆ ನೇತುಹಾಕಿದ ಪ್ಯಾಕೆಟ್‌ನಲ್ಲಿ ಜೀವ ಉಳಿದಿರುವುದಿಲ್ಲ, ಬರೀ ಕಪ್ಪು ಪುಡಿ.

ಬಿಸಿನೀರಿನ ಉಪಚಾರ

‘ಬೀಜ ಹುಟ್ಟಲೇ ಇಲ್ಲ ಮಾರಾಯ್ರೆ’ ಎನ್ನುವ ಹೆಚ್ಚಿನವರು ಎಡವುವುದು ಇಲ್ಲಿ. ಪ್ಯುರೇರಿಯ ಬೀಜದ ಸಿಪ್ಪೆ ಗಟ್ಟಿ. ಸುಮ್ನೆ ಬಿತ್ತಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. 60ರಿಂದ 80 ಡಿಗ್ರಿ ಬಿಸಿಯ ನೀರಿನಲ್ಲಿ 4–6 ಗಂಟೆ ನೆನೆಸಬೇಕು. ಥರ್ಮಾಮೀಟರ್ ಬೇಡ. ಚೆನ್ನಾಗಿ ಕುದಿದ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಸೇರಿಸಿದರೆ ಸುಮಾರು 75 ಡಿಗ್ರಿ ಆಗುತ್ತದೆ. ಪಾತ್ರೆಯನ್ನು ಒಲೆಯಿಂದ ಇಳಿಸಿ, ನೀರು ಬೆರೆಸಿದ ಮೇಲೆಯೇ ಬೀಜ ಹಾಕಿ. ಒಲೆಯ ಮೇಲಿಟ್ಟು ಬೀಜ ಹಾಕಿದರೆ ಬೆಂದು ಹೋಗುತ್ತದೆ. ಅದೇ ನೀರಿಗೆ ಅಲಸಂಡೆಯನ್ನೂ ಸುರಿದವರಿದ್ದಾರೆ! ಅಲಸಂಡೆಗೆ ಯಾವ ಉಪಚಾರವೂ ಬೇಡ.

ನೆನೆದ ಬೀಜ ಉಬ್ಬಿರುತ್ತದೆ. ಉಬ್ಬದೆ ಸಣ್ಣಗೇ ಉಳಿದದ್ದನ್ನು ಬೇರೆ ಮಾಡಿ ಇನ್ನೊಮ್ಮೆ ಬಿಸಿನೀರಿಗೆ ಹಾಕಿ. ಉಬ್ಬಿದ್ದನ್ನು ನೆರಳಲ್ಲಿ ಆರಿಸಿ, ಅಷ್ಟೇ ತೂಕದ ರಾಕ್ ಫಾಸ್ಫೇಟ್ ಬೆರೆಸಿ ಅದೇ ದಿನ ಬಿತ್ತಿ. ನಮ್ಮ ಹುಳಿ ಮಣ್ಣಿಗೆ ಆ ಗೊಬ್ಬರ ಸರಿಹೊಂದುತ್ತದೆ. ಬೀಜ ಸಣ್ಣದಾದ್ದರಿಂದ ಪುಡಿ ಬೆರೆತರೆ ಕೈಯಲ್ಲಿ ಹಿಡಿದು ಉದುರಿಸಲೂ ಸುಲಭ.

ಯಾವಾಗ ಬಿತ್ತಬೇಕು

ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಸಮಯ ತಪ್ಪಿದರೆ ಆ ವರ್ಷ ಹೋಯಿತು.

ಏಪ್ರಿಲ್‌ನಲ್ಲಿ ಒಂದು ಗುಡುಗಿನ ಮಳೆ ಬಂದ ಕೂಡಲೇ ಬಿತ್ತುವವರಿದ್ದಾರೆ. ಮೊಳಕೆ ಬರುತ್ತದೆ, ಆಮೇಲೆ ಎರಡು ವಾರ ಬಿಸಿಲು ಕಾದು ಎಲ್ಲ ಕರಟಿ ಹೋಗುತ್ತದೆ. ಇನ್ನು ಕೆಲವರು ‘ಮಳೆ ಹಿಡಿಯಲಿ’ ಎಂದು ಜೂನ್ ಎರಡನೇ ವಾರದವರೆಗೆ ಕಾಯುತ್ತಾರೆ. ಆಗ ಬಿತ್ತಿದ ಬೀಜ ಮರುದಿನ ಬೆಳಿಗ್ಗೆ ಕೆಳಗಿನ ಮನೆಯವರ ಕಣಿಯಲ್ಲಿ (ತೋಟದ ಚರಂಡಿಯಲ್ಲಿ) ಇರುತ್ತದೆ. ಸರಿಯಾದ ಸಮಯ ಎಂದರೆ ಮೇ 15ರ ನಂತರದ ಹತ್ತು–ಹನ್ನೆರಡು ದಿನ. ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಹತ್ತು ಹನಿಯಾದರೂ ಮಳೆ ಬೀಳಬೇಕು ಎಂದು ಹಿರಿಯರು ಹೇಳುತ್ತಾರಲ್ಲ, ಆ ಹೊತ್ತಿಗೆ ಬೀಜ ಮಣ್ಣೊಳಗೆ ಇರಬೇಕು. ಜೋರು ಮಳೆ ಶುರುವಾಗುವ ಮೊದಲು ಗಿಡಕ್ಕೆ ನಾಲ್ಕು ಎಲೆ, ಕೆಳಗೆ ಬೇರು ಆಗಿರಬೇಕು.

ಕ್ಯಾಲೆಂಡರ್‌ಗಿಂತ ಕತ್ತಿಯ ತುದಿ ನಂಬಿ. ಮಳೆ ಬಂದ ಮರುದಿನ ನೆಲಕ್ಕೆ ಚುಚ್ಚಿ ನೋಡಿ. ಒಂದು ಗೇಣು ಆಳದವರೆಗೆ ಹಸಿ ಇದ್ದರೆ ಬಿತ್ತಬಹುದು. ಮೇಲಿನ ಎರಡು ಇಂಚು ಮಾತ್ರ ನೆನೆದಿದ್ದರೆ ಕಾಯಿರಿ. ತೋಟಕ್ಕೆ ಸ್ಪ್ರಿಂಕ್ಲರ್ ಇದ್ದು, ಬಾವಿಯಲ್ಲಿ ನೀರು ಉಳಿದಿದ್ದರೆ ಮಳೆಯ ಹಂಗೇ ಇಲ್ಲ. ಮೇ ಮೊದಲ ವಾರವೇ ಬಿತ್ತಿ ನೀರು ಬಿಡಿ. ಇಷ್ಟು ಸುಲಭದ ದಾರಿಯನ್ನು ಹೆಚ್ಚಿನವರು ಯಾಕೆ ಹಿಡಿಯುವುದಿಲ್ಲವೋ.

ಅಗೆಯದೆ ಬಿತ್ತುವುದು

ಮೇ ಆರಂಭದಲ್ಲಿ ಕಳೆಯನ್ನು ಮೆಷಿನ್‌ನಲ್ಲಿ ನೆಲಮಟ್ಟಕ್ಕೆ ಹೊಡೆದು ಅಲ್ಲೇ ಬಿಡಿ. ಕಳೆನಾಶಕ ಬೇಡ. ಹುಲ್ಲಿನ ಬೇರು ಜೀವಂತ ಇದ್ದರೆ ತಾನೇ ಮಣ್ಣು ಹಿಡಿದುಕೊಳ್ಳುವುದು? ಮೈಕಾನಿಯ ಎಂಬ ಕಳೆಯ ಹಂಬನ್ನು ಮಾತ್ರ ಬೇರು ಸಮೇತ ಕೀಳಿ, ಅದರ ಜೊತೆ ಯಾವ ಬಳ್ಳಿಯೂ ಗೆಲ್ಲುವುದಿಲ್ಲ. ಕಮ್ಯುನಿಸ್ಟ್ ಗಿಡ (ಯುಪಟೋರಿಯಂ ಕಳೆ) ಇದ್ದರೆ ಹೂವಾಗುವ ಮೊದಲೇ ಕಡಿದು ಮರದ ಬುಡಕ್ಕೆ ಹಾಕಿ, ಒಳ್ಳೆ ಸೊಪ್ಪು.

ಪಿಕ್ಕಾಸಿನಿಂದ ಇಡೀ ತೋಟ ಕೊಚ್ಚಬೇಡಿ. ಅಡಿಕೆಯ ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿಯೊಳಗೇ ಇರುತ್ತವೆ. ಗೊಬ್ಬರ ಎಳೆಯುವ ಎಳೆ ಬೇರಂತೂ ಇನ್ನೂ ಮೇಲೆ. ಅಗೆದಷ್ಟೂ ಅವು ತುಂಡಾಗುತ್ತವೆ, ಬಿಡಿಯಾದ ಮಣ್ಣು ಮೊದಲ ಮಳೆಗೇ ಹೋಗುತ್ತದೆ. ಬಿತ್ತಲು ಒಂದು ಇಂಚು ಆಳದ ಗೀರು ಸಾಕು. ಎರಡು ಅಡಿಗೊಂದು ಗೀರು, ಇಳಿಜಾರಿಗೆ ಅಡ್ಡವಾಗಿ. ಮೇಲಿಂದ ಕೆಳಕ್ಕೆ ಎಳೆದರೆ ನೀವೇ ನೀರಿಗೆ ಚರಂಡಿ ಮಾಡಿಕೊಟ್ಟ ಹಾಗೆ. ಮಟ್ಟ ಕಣ್ಣಂದಾಜಿಗೆ ಸಿಗದಿದ್ದರೆ ಮೇಸ್ತ್ರಿಗಳ ನೀರಿನ ಪೈಪ್ ಎರವಲು ತನ್ನಿ. ಸಸಿಯ ಸುತ್ತ ಒಂದು ಮೀಟರ್ ಖಾಲಿ ಬಿಡಿ. ಬಿತ್ತಿದ ಮೇಲೆ ಗೀರನ್ನು ಕಾಲಲ್ಲೇ ಮುಚ್ಚಿ.

ಜೆಸಿಬಿ ಕಡಿದ ಬರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ ಮುಖವನ್ನು ಮರೆಯುವವರೇ ಜಾಸ್ತಿ. ಕುಸಿಯುವುದು ಅದೇ. ಅಲ್ಲಿ ಕೋಲಿನಿಂದ ಗೇಣಿಗೊಂದು ತೂತು ಮಾಡಿ ಮೂರು–ನಾಲ್ಕು ಬೀಜ ತುರುಕಿ. ತಟ್ಟಿನ ಅಂಚಿಗೆ ಜೂನ್‌ನಲ್ಲಿ ಲಾವಂಚದ ಸಾಲು ನೆಡಿ. ಕೆಲವರು ಬರೆಗೆ ಪ್ಲಾಸ್ಟಿಕ್ ಶೀಟ್ ಹೊದಿಸುತ್ತಾರೆ. ನೀರೆಲ್ಲ ಜಾರಿ ಕೆಳಗಿನ ತಟ್ಟಿನ ಬುಡಕ್ಕೆ ಒಟ್ಟಿಗೆ ಬೀಳುತ್ತದೆ, ಅಲ್ಲಿ ಗುಂಡಿ.

ಮಳೆಗಾಲದ ಕೆಲಸ

ಮೂರು ವಾರಕ್ಕೊಮ್ಮೆ ತೋಟ ಸುತ್ತಿ ಸಸಿ ಹತ್ತಿದ ಬಳ್ಳಿ ಬಿಡಿಸಿ, ಖಾಲಿ ಬಿಟ್ಟ ವೃತ್ತವನ್ನು ಕತ್ತಿಯಲ್ಲಿ ಸವರಿ. ಕಣಿಯೊಳಗೆ ಬಳ್ಳಿ ಇಳಿಯಲು ಬಿಡಬೇಡಿ. ನೀರು ನಿಂತರೆ ಅಡಿಕೆಗೆ ಬೇರೆಯೇ ಕಷ್ಟ. ದನ ಒಳಗೆ ಬರದ ಹಾಗೆ ಬೇಲಿ ನೋಡಿಕೊಳ್ಳಿ, ಪ್ಯುರೇರಿಯ ಅವಕ್ಕೆ ಇಷ್ಟ. ಹಾವಿನ ಹೆದರಿಕೆ ಇರುವವರು ಮರದ ಸಾಲಿನ ಒಂದು ಬದಿ ನಡೆಯುವಷ್ಟು ದಾರಿಯನ್ನು ಸವರಿ ಇಟ್ಟುಕೊಳ್ಳಿ. ಗಂಬೂಟು ಹಾಕಿ.

ಕಡಿಯುವುದು, ಹೂಳದೆ

ಸೆಪ್ಟೆಂಬರ್ ಕೊನೆಗೆ, ಮಳೆ ಇಳಿಯುವ ಹೊತ್ತಿಗೆ ಬಳ್ಳಿಯನ್ನು ಕಡಿಯಬೇಕು. ಫಸಲು ಬರುವ ತೋಟದಲ್ಲಿ ಇದನ್ನು ಮುಂದೂಡಬೇಡಿ. ಬಿದ್ದ ಅಡಿಕೆ ಬಳ್ಳಿಯೊಳಗೆ ಸೇರಿದರೆ ಹೆಕ್ಕುವವರು ನಿಮಗೆ ಶಾಪ ಹಾಕುತ್ತಾರೆ. ಸೆಣಬು ಹಾಕಿದ್ದರೆ ಅಷ್ಟು ದಿನ ಬಿಡುವಂತಿಲ್ಲ. ಹೂ ಬಿಡುವಾಗಲೇ ಕಡಿಯಿರಿ, ಬಲಿತ ದಂಟು ಬೇಗ ಕೊಳೆಯುವುದಿಲ್ಲ.

ಕಡಿದದ್ದನ್ನು ಅಗೆದು ಮಣ್ಣಿಗೆ ಸೇರಿಸಿ ಎಂದು ಹಲವು ಕೈಪಿಡಿಗಳಲ್ಲಿ ಇರುತ್ತದೆ. ಇಳಿಜಾರು ತೋಟದಲ್ಲಿ ನಾನು ಅದಕ್ಕೆ ಒಪ್ಪುವುದಿಲ್ಲ. ಬುಡದ ಖಾಲಿ ವೃತ್ತದಲ್ಲಿ ಮೊದಲು ಎರಡನೇ ಕಂತಿನ ಗೊಬ್ಬರ ಹರಡಿ. ಅಡಿಕೆಗೆ ವರ್ಷದ ಲೆಕ್ಕ ಮರವೊಂದಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ. ಅದರ ಮೇಲೆ ಹಟ್ಟಿಗೊಬ್ಬರ. ಅದರ ಮೇಲೆ ಕಡಿದ ಬಳ್ಳಿ, ಒಂದು ಗೇಣು ದಪ್ಪಕ್ಕೆ. ಕಾಂಡಕ್ಕೆ ತಾಗಿಸಬೇಡಿ, ಅರ್ಧ ಅಡಿ ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಎರೆಹುಳು ಉಳಿದ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಆ ಹೊದಿಕೆಯ ಕೆಳಗೆ ತೇವ ಹೆಚ್ಚು ದಿನ ಉಳಿಯುವುದನ್ನು ಕೈ ಹಾಕಿ ನೋಡಬಹುದು.

ಸುಡುಮಣ್ಣು ಮಾಡುವ ಅಭ್ಯಾಸ ಇರುವವರಿಗೆ ಒಂದು ಮಾತು. ಗುಡ್ಡೆಯ ಮೇಲ್ಮಣ್ಣು ಕೆರೆದು, ತರಗೆಲೆ ಸೇರಿಸಿ ಸುಟ್ಟರೆ ಸಿಗುವುದು ಸ್ವಲ್ಪ ಬೂದಿ, ಸ್ವಲ್ಪ ಪೊಟ್ಯಾಷ್. ಎಲೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗಿರುತ್ತದೆ. ತರಕಾರಿ ಸಾಲಿಗೆ ಒಂದು ಬುಟ್ಟಿ ಮಾಡಿಕೊಳ್ಳಿ, ತೋಟಕ್ಕೆ ಬೇಡ.

ಗದ್ದೆ ಇದ್ದವರಿಗೆ

ಏಣೆಲು (ಮಳೆಗಾಲದ ಭತ್ತ) ಕೊಯ್ದ ಮಜಲು (ನಡು ಎತ್ತರದ) ಗದ್ದೆಯನ್ನು ಖಾಲಿ ಬಿಡದೆ ಉದ್ದೋ ಹೆಸರೋ ಹಾಕಿ. ಮಣ್ಣು ಕೈಯಲ್ಲಿ ಉಂಡೆ ಕಟ್ಟುವಷ್ಟು ತೇವ ಇರುವಾಗ ಟಿಲ್ಲರ್ ಒಮ್ಮೆ ಓಡಿಸಿದರೆ ಸಾಕು. ಎರಡು–ಮೂರು ಸಲ ಉತ್ತು ಹುಡಿ ಮಾಡಿದರೆ ಇದ್ದ ತೇವವೂ ಆರುತ್ತದೆ, ಅಷ್ಟರಲ್ಲಿ ಡೀಸೆಲ್ ಖರ್ಚೂ ಆಗಿರುತ್ತದೆ. ಕಾಳು ಕೊಯ್ಯುವಾಗ ಗಿಡ ಕೀಳಬೇಡಿ, ಕತ್ತಿಯಲ್ಲಿ ಕೊಯ್ಯಿರಿ, ಬೇರು ಅಲ್ಲೇ ಇರಲಿ.

ಎರಡನೇ ವರ್ಷ

ತೋಟದ ಪ್ಯುರೇರಿಯವನ್ನು ಮತ್ತೆ ಬಿತ್ತಬೇಕಾಗಿಲ್ಲ, ಮಳೆಗೆ ತಾನೇ ಚಿಗುರುತ್ತದೆ. ಖಾಲಿ ಬಿದ್ದ ಜಾಗಕ್ಕೆ ಜುಲೈಯಲ್ಲಿ, ಗಂಟಿನಲ್ಲಿ ಬೇರು ಬಿಟ್ಟ ಬಳ್ಳಿಯನ್ನು ಎರಡು ಗಂಟಿನ ಉದ್ದಕ್ಕೆ ತುಂಡು ಮಾಡಿ ನೆಡಿ. ಮಳೆ ಬಿಡುವು ಕೊಟ್ಟ ಬಿಸಿಲಿನ ದಿನ ಬೇಡ, ಸಂಜೆ ಮೋಡ ಇರುವಾಗ ನೆಟ್ಟರೆ ಬದುಕುತ್ತದೆ.