ಮುರಿದ ಕೀಲಿ ಕಾರ್ಡಿನ ಚಿಪ್ ಕಿತ್ತು ಕೂರಿಸಿದ ನನ್ನ ಅನುಭವ

ಕಾರಿನ ಕೀಲಿಯಾಗಿ ಬಳಸುವ ಕಾರ್ಡ್ ಮುರಿದು ಎರಡು ಹೋಳಾದರೂ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಬೇಕಿಲ್ಲ, ಕಾರಿನ ಗುಪ್ತ ಪಿನ್ ಕೋಡ್ ಹುಡುಕಬೇಕಿಲ್ಲ, ಹೊಸ ಕಾರ್ಡನ್ನು ಕಾರಿಗೆ ಪರಿಚಯಿಸಬೇಕಿಲ್ಲ. ಹಳೆಯ ಚಿಪ್ಪನ್ನೇ ಬೇರೆ ಬೋರ್ಡಿಗೆ ಕೂರಿಸಿ ಎಂಜಿನ್ ಚಾಲೂ ಮಾಡಬಹುದು. ಇದನ್ನು ನಾನು ಹೇಳುತ್ತಾ ಬಂದು ಬಹಳ ಕಾಲವಾಯಿತು. ನಮ್ಮ ಕಸುಬಿನವರಲ್ಲಿ ನಕ್ಕವರೇ ಹೆಚ್ಚು. ಕೀಲಿ ಕೆಲಸದಲ್ಲಿ ತಲೆ ನರೆತ ಹಿರಿಯರೊಬ್ಬರು, “ಬೆಸುಗೆ ಬಿಡಿಸುವಾಗಲೇ ಚಿಪ್ ಬೆಂದುಹೋಗುತ್ತದಪ್ಪಾ, ಗಿರಾಕಿಯ ಕೈಯಲ್ಲಿ ಸುಮ್ಮನೆ ಯಾಕೆ ಬೈಸಿಕೊಳ್ಳುತ್ತೀಯ?” ಎಂದಿದ್ದರು. ಈಗ ಅವರೇ ಒಡೆದ ಕಾರ್ಡ್‌ಗಳನ್ನು ಲಕೋಟೆಯಲ್ಲಿ ಹಾಕಿ ನನ್ನ ಬಳಿಗೆ ಕಳಿಸುತ್ತಾರೆ. ಬರವಣಿಗೆಯಲ್ಲಿ ಅಲ್ಲಲ್ಲಿ ಜಂಭ ಇಣುಕಿದರೆ ಅದಕ್ಕೆ ಇದೇ ಕಾರಣ.

ಕಾರ್ಡ್ ಮಾದರಿಯ ಕೀಲಿಯನ್ನು ಮರ್ಸಿಡಿಸ್ ಕೊಟ್ಟಿತ್ತು, ರೆನೋ ಮತ್ತು ಟೆಸ್ಲಾ ಇಂದಿಗೂ ಕೊಡುತ್ತಿವೆ. ನನ್ನ ಮೇಜಿನ ಮೇಲೆ ಬಿದ್ದದ್ದು ಯಾವ ಕಾರಿನದು ಎಂದು ಹೇಳುವುದಿಲ್ಲ. ಡ್ಯಾಶ್‌ಬೋರ್ಡಿನ ಸೀಳಿಗೆ ಕಾರ್ಡ್ ತೂರಿಸಿ, ಬಟನ್ ಒತ್ತಿ ಎಂಜಿನ್ ಶುರುಮಾಡುವ ಹಳೆಯ ತಲೆಮಾರು. ಒಳಗೆ ಕಾರಿಗೆ ಗುರುತು ಹೇಳುವ ಪಿಸಿಎಫ್ 7947 ಚಿಪ್. ಇಷ್ಟು ಹೇಳಿದರೆ ಕೆಲಸ ಬಲ್ಲವರಿಗೆ ಸಾಕು.

ಮೊದಲು ಒಂದು ಮಾತು. “ಕಾರ್ಡ್ ಸತ್ತಿದೆ” ಎಂದು ಬರುವ ಕಾರ್ಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿರುವುದಿಲ್ಲ. ಬಾಗಿಲು ತೆರೆಯುವ ಬಟನ್‌ಗಳಿಗೆ ಸೆಲ್ ಬೇಕು, ಅವು 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಸೀಳಿನೊಳಗಿನ ಗುರುತಿಗೆ ಸೆಲ್ ಬೇಡ. ಸೀಳಿನ ಸುತ್ತಲಿನ ಕಾಯಿಲ್ (ತಂತಿಯ ಸುರುಳಿ) 125 ಕಿಲೋಹರ್ಟ್ಸ್‌ನಲ್ಲಿ ಕಾರ್ಡಿಗೆ ಶಕ್ತಿಯನ್ನೂ ಕೊಟ್ಟು ಉತ್ತರವನ್ನೂ ಪಡೆಯುತ್ತದೆ. ಹಾಗಾಗಿ ಬಟನ್ ಕೆಲಸ ಮಾಡದೆ ಎಂಜಿನ್ ಚಾಲೂ ಆದರೆ ಸೆಲ್, ಇಲ್ಲವೇ ಬಟನ್, ಇಲ್ಲವೇ ಆವರ್ತನ ಹುಟ್ಟಿಸುವ ಕ್ರಿಸ್ಟಲ್ ಕೆಟ್ಟಿದೆ ಎಂದರ್ಥ. ಬಟನ್ ಕೆಲಸ ಮಾಡಿ, ಸೀಳಿಗೆ ಹಾಕಿದಾಗ “ಕಾರ್ಡ್ ಸಿಗಲಿಲ್ಲ” ಎಂದು ಬಂದರೆ ಹಿಂದೆಮುಂದೆ ಯೋಚಿಸದೆ ಕಾರ್ಡಿನೊಳಗಿನ ಕಾಯಿಲ್‌ನ ಬೆಸುಗೆ ನೋಡಿ. ಸೆಲ್ ಪರೀಕ್ಷಿಸುವಾಗ ಅದನ್ನು ಹೊರಗೆ ತೆಗೆದು ಮೀಟರ್ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುದಿ ಸೆಲ್ ಕೂಡ ಸುಮ್ಮನಿದ್ದಾಗ ಮೂರು ವೋಲ್ಟ್ ತೋರಿಸುತ್ತದೆ. ಬೋರ್ಡಿನಲ್ಲೇ ಇಟ್ಟು, ಬಟನ್ ಒತ್ತಿ ಹಿಡಿದು ಅಳೆಯಿರಿ; ಎರಡೂವರೆಗಿಂತ ಕೆಳಗೆ ಕುಸಿದರೆ ಅದನ್ನು ಎಸೆಯಿರಿ.

ಕಾಯಿಲ್ ಬೆಸುಗೆ ಬಿರುಕು ಬಿಡಲು ಮುಖ್ಯ ಕಾರಣ ಪ್ಯಾಂಟಿನ ಹಿಂದಿನ ಜೇಬು. ಕಾರ್ಡ್ ಎಂಬ ಹೆಸರಿಗೆ ಮೋಸಹೋಗಿ ಜನ ಅದರ ಮೇಲೆ ಕೂರುತ್ತಾರೆ. ಕಾಯಿಲ್ ಇರುವುದು ಫೆರೈಟ್ ಎಂಬ ಬಾಗದ ಕಾಂತೀಯ ವಸ್ತುವಿನ ತುಂಡಿನ ಮೇಲೆ, ಬೋರ್ಡ್ ಮಾತ್ರ ಬಾಗುತ್ತದೆ. ನಡುವೆ ಸಿಕ್ಕಿ ಸಾಯುವುದು ಬೆಸುಗೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲಿನಷ್ಟು ತೆಳುವಾದ ಬೂದು ಉಂಗುರ ಕಾಣುತ್ತದೆ. ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಹೊಸದು ಕೊಟ್ಟರೆ ಕಾರ್ಡ್ ಎದ್ದು ಕೂರುತ್ತದೆ. ಇದಕ್ಕೆ ನಾನು ಪಡೆಯುವ ಕೂಲಿ ಹೊಸ ಕಾರ್ಡಿನ ಬೆಲೆಯ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಗಿರಾಕಿ ಅದಕ್ಕೂ ಚೌಕಾಸಿ ಮಾಡುತ್ತಾನೆ, ಆ ಮಾತು ಬೇರೆ.

ಈಗ ನಿಜವಾಗಿ ಸತ್ತ ಕಾರ್ಡಿನ ವಿಷಯ. ಒಂದು ಕಾರ್ಡ್ ಕಳೆದುಹೋಗಿತ್ತು, ಇನ್ನೊಂದು ಕಾರಿನ ಸೀಟಿನ ಹಳಿಗೆ ಸಿಕ್ಕಿ ಬೋರ್ಡೇ ಅಡ್ಡಡ್ಡ ಸೀಳಿತ್ತು. ಅಧಿಕೃತ ಸೇವಾ ಕೇಂದ್ರವೊಂದು ಕೊಟ್ಟ ಅಂದಾಜಿನಲ್ಲಿ ಎರಡು ಹೊಸ ಕಾರ್ಡ್, ಅವನ್ನು ನೋಂದಾಯಿಸುವ ಶುಲ್ಕ, ಕಾರನ್ನು ಎತ್ತಿಕೊಂಡು ಹೋಗುವ ಬಾಡಿಗೆ, ಅದರ ಮೇಲೆ “ಅಗತ್ಯ ಬಿದ್ದರೆ” ಎಂಬ ಷರಾ ಸಮೇತ ಕಾರಿನೊಳಗೆ ಕಾರ್ಡ್ ಗುರುತಿಸುವ ಕಂಟ್ರೋಲ್ ಯೂನಿಟ್ಟಿನ ಬೆಲೆ. ಎಲ್ಲ ಕೂಡಿಸಿದರೆ ಆ ಹಳೆಯ ಕಾರಿಗೆ ಹೊರೆ ಎನಿಸುವಷ್ಟು ಮೊತ್ತ. ಮಾಲೀಕರು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು.

ಗುಜರಿ ಕಾರಿನಿಂದ ತೆಗೆದ ಕಾರ್ಡನ್ನು ಅಗ್ಗಕ್ಕೆ ತಂದು ನೋಂದಾಯಿಸುವ ದಾರಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ನಡೆಯುವುದಿಲ್ಲ. ಒಮ್ಮೆ ಕಾರಿಗೆ ಜೋಡಿಯಾದ ಚಿಪ್ ತನ್ನ ರಹಸ್ಯ ಕೀಲಿಯನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದೆ, ಮತ್ತೊಂದು ಕಾರು ಅದರ ಮೇಲೆ ಬರೆಯಲಾರದು. ಆದರೆ ಇದನ್ನೇ ತಿರುಗಿಸಿ ನೋಡಿ: ಮಾಲೀಕರ ಒಡೆದ ಬೋರ್ಡಿನ ಮೇಲಿರುವ ಚಿಪ್ ತನ್ನ ಕಾರನ್ನು ಮರೆತಿಲ್ಲ. ಕಾರಿಗೆ ಬೇಕಾದದ್ದೂ ಆ ಚಿಪ್ ಮಾತ್ರ. ಬೋರ್ಡ್, ಕಾಯಿಲ್, ಬಟನ್ ಯಾವುದರ ಗುರುತೂ ಅದಕ್ಕಿಲ್ಲ. ಗುಜರಿ ಕಾರ್ಡನ್ನು ಚಿಪ್ಪಿಗಾಗಿ ಅಲ್ಲ, ಬೋರ್ಡಿಗಾಗಿ ಕೊಂಡರೆ ಕೆಲಸ ಮುಗಿಯಿತು. ಹೊಸ ಕಾರ್ಡಿಗೆ ಕೊಡುವ ಹಣದಲ್ಲಿ ಇಂಥವು ಎಂಟೋ ಹತ್ತೋ ಬರುತ್ತವೆ.

ಹಿರಿಯರು ಹೇಳಿದ್ದರಲ್ಲಿ ಸತ್ಯವಿಲ್ಲದೆ ಇಲ್ಲ. ಅಭ್ಯಾಸಕ್ಕೆಂದು ತಂದ ಗುಜರಿ ಕಾರ್ಡ್‌ಗಳ ಮೇಲೆ ಹಾಟ್ ಏರ್ ಬಿಟ್ಟಾಗ ಒಂದಷ್ಟು ಚಿಪ್ಪುಗಳು ಹೊಟ್ಟೆ ಉಬ್ಬಿ ಸತ್ತವು. ವರ್ಷಗಟ್ಟಲೆ ಜೇಬಿನ ಬೆವರಿನಲ್ಲಿದ್ದ ಚಿಪ್ಪಿನ ಪ್ಲಾಸ್ಟಿಕ್ ತೇವ ಹೀರಿರುತ್ತದೆ, ದಿಢೀರನೆ ಬಿಸಿ ತಗುಲಿದರೆ ಆ ತೇವ ಆವಿಯಾಗಿ ಒಳಗಿನಿಂದ ಸೀಳುತ್ತದೆ. ನೂರು ನೂರಹತ್ತು ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿದ ಮೇಲೆ ಸಾವು ಕಡಿಮೆಯಾಯಿತು, ನಿಲ್ಲಲಿಲ್ಲ. ಸೀಸವಿಲ್ಲದ ಬೆಸುಗೆ ಕರಗುವುದೇ 217 ಡಿಗ್ರಿಯ ಮೇಲೆ. ಚಿಪ್ಪಿನ ಹದಿನಾಲ್ಕು ಕಾಲನ್ನೂ ಒಟ್ಟಿಗೆ ಅಲ್ಲಿಗೆ ಮುಟ್ಟಿಸಬೇಕಾದರೆ ಗಾಳಿಯ ಬಿಸಿ ಬಹಳ ಮೇಲೆ ಹೋಗಬೇಕು.

ಗೆದ್ದದ್ದು ಬಿಸ್ಮತ್‌ನಿಂದ. ತವರ 42, ಬಿಸ್ಮತ್ 58 ಪಾಲಿನ ಬೆಸುಗೆ ತಂತಿ 138 ಡಿಗ್ರಿಗೇ ಕರಗುತ್ತದೆ. ಅದನ್ನು ಚಿಪ್ಪಿನ ಎರಡೂ ಸಾಲಿನ ಕಾಲುಗಳ ಮೇಲೆ ಧಾರಾಳವಾಗಿ ಸುರಿದು, ಹಳೆಯ ಬೆಸುಗೆಯೊಂದಿಗೆ ಬೆರೆಯುವ ಹಾಗೆ ಕಾದ ಬೆಸುಗೆ ಕಡ್ಡಿಯಿಂದ ಒಂದೆರಡು ಬಾರಿ ಓಡಿಸಿದರೆ ಮಿಶ್ರಣ ಬೇಗ ಗಟ್ಟಿಯಾಗುವುದಿಲ್ಲ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಚಿಪ್ ಬೆಣ್ಣೆಯ ಮೇಲಿಟ್ಟಂತೆ ಜಾರುತ್ತದೆ. ಚಿಮಟದಿಂದ ಎತ್ತಬೇಡಿ, ಪಕ್ಕಕ್ಕೆ ತಳ್ಳಿ. ಎತ್ತಿದರೆ ಇನ್ನೂ ಕರಗದ ಒಂದು ಕಾಲು ಬೋರ್ಡಿನ ತಾಮ್ರವನ್ನೇ ಕಿತ್ತುಕೊಂಡು ಬರುತ್ತದೆ.

ಇಲ್ಲೇ ಒಂದು ಗುಂಡಿ ಇದೆ. ತೆಗೆದ ಚಿಪ್ಪಿನ ಕಾಲಿನಲ್ಲಿ ಬಿಸ್ಮತ್‌ನ ಚೂರೂ ಉಳಿಯಕೂಡದು. ಅದರ ಮೇಲೆ ಹಳೆಯ ಸೀಸದ ಬೆಸುಗೆ ಹಾಕಿದಿರೋ, ತವರ, ಸೀಸ, ಬಿಸ್ಮತ್ ಮೂರೂ ಸೇರಿ 96 ಡಿಗ್ರಿಗೇ ಕರಗುವ ಲೋಹವಾಗುತ್ತದೆ. ಮೇಜಿನ ಮೇಲೆ ಚೆನ್ನಾಗಿಯೇ ನಡೆದ ಕಾರ್ಡ್, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕೆಲವು ವಾರ ಬಿದ್ದಿದ್ದು ಕಾಲು ಸಡಿಲಿಸಿಕೊಂಡು ವಾಪಸ್ ಬಂದದ್ದುಂಟು. ಬೆಸುಗೆ ಹೀರುವ ತಾಮ್ರದ ಬತ್ತಿಯಿಂದ ಒರೆಸಿ, ಸೀಸವಿಲ್ಲದ ಬೆಸುಗೆ ಹಚ್ಚಿ, ಮತ್ತೆ ಒರೆಸುವುದನ್ನು ಕಾಲುಗಳು ಬೆಳ್ಳಗೆ ಹೊಳೆಯುವ ತನಕ ಮಾಡಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯಬೇಕು. ಬಿಡಿಸುವುದಕ್ಕಿಂತ ಈ ಒರೆಸುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರದವರು ಸೋಲುವುದೂ ಇಲ್ಲೇ.

ಬೋರ್ಡಿನ ಆಯ್ಕೆಯಲ್ಲೂ ಹಣ ಕಳೆದೆ. ಹೊಸದಾಗಿ ಮಾರುವ ಅಗ್ಗದ ಖಾಲಿ ಕಾರ್ಡ್‌ಗಳ ಬೋರ್ಡಿಗೆ ಚಿಪ್ ಕೂರಿಸಿದರೆ ಬಟನ್ ಸರಿಯಾಗಿ ನಡೆಯುತ್ತಿತ್ತು, ಸೀಳಿನಲ್ಲಿ ಮಾತ್ರ ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಆಟವಾಡಿಸುತ್ತಿತ್ತು. ಕಾಯಿಲ್, ಕೆಪಾಸಿಟರ್‌ಗಳನ್ನು ಅಳೆಯುವ ಎಲ್‌ಸಿಆರ್ ಮೀಟರ್ ಹಿಡಿದಾಗ ಗುಟ್ಟು ಬಯಲಾಯಿತು. ಮೂಲ ಬೋರ್ಡಿನ ಕಾಯಿಲ್ ಸುಮಾರು 2.4 ಮಿಲಿಹೆನ್ರಿ, ಜೊತೆಗೆ 680 ಪಿಕೋಫ್ಯಾರಡ್‌ನಷ್ಟು ಕೆಪಾಸಿಟರ್. ಲೆಕ್ಕ ಹಾಕಿದರೆ 125 ಕಿಲೋಹರ್ಟ್ಸ್‌ಗೆ ಸರಿಯಾಗಿ ಬರುತ್ತದೆ. ಅಗ್ಗದ ಬೋರ್ಡಿನಲ್ಲಿ ಕಾಯಿಲ್‌ನ ಅಳತೆ ಬೇರೆ, ಕೆಪಾಸಿಟರ್ ಮಾತ್ರ ಅದೇ. ಎಲ್ಲೋ ಕೆಳಗಿನ ಆವರ್ತನಕ್ಕೆ ಕಿವಿಗೊಟ್ಟು ಕೂತಿದ್ದ ಕಾರ್ಡ್ ಕಾರಿನ ಮಾತು ಕೇಳುವುದಾದರೂ ಹೇಗೆ? ಕೆಪಾಸಿಟರ್ ಬದಲಿಸಿದೆ. 7.2 ಮಿಲಿಹೆನ್ರಿಯ ಕಾಯಿಲ್‌ಗೆ 220 ಪಿಕೋಫ್ಯಾರಡ್ ಹೊಂದುತ್ತದೆ, ಬೇರೆ ಅಳತೆ ಇದ್ದರೆ ನೀವೇ ಲೆಕ್ಕ ಹಾಕಿಕೊಳ್ಳಿ. ಅಲ್ಲಿಂದ ಮುಂದೆ ಆ ಬೋರ್ಡ್‌ಗಳೂ ಉಪಯೋಗಕ್ಕೆ ಬಂದವು, ಆದರೂ ಗುಜರಿಯ ಮೂಲ ಬೋರ್ಡ್ ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ.

ಕವಚ ಬಿಚ್ಚುವುದನ್ನು ಹೇಗೆ ಗುರುತಿಲ್ಲದಂತೆ ಮಾಡುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ಅಂಚನ್ನು ಬಿಸಿ ಮಾಡಿ ತೆಳು ಅಲಗು ತೂರಿಸುವುದು ನಿಮಗೂ ಗೊತ್ತು. ಎಲ್ಲಿಂದ ಶುರುಮಾಡುತ್ತೇನೆ, ಮತ್ತೆ ಮುಚ್ಚಲು ಯಾವ ಅಂಟು ಬಳಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯುವುದಿಲ್ಲ. ತುರ್ತು ಬಳಕೆಯ ಲೋಹದ ಕೀಲಿಯನ್ನು ಮೊದಲು ಹೊರಗೆಳೆದುಕೊಳ್ಳಿ, ಇಲ್ಲದಿದ್ದರೆ ಅಲಗು ಅದಕ್ಕೆ ತಾಗಿ ಮೊಂಡಾಗುತ್ತದೆ.

ಸೀಟಿನ ಹಳಿಗೆ ಸಿಕ್ಕಿದ್ದ ಆ ಕಾರ್ಡಿನ ಚಿಪ್ಪನ್ನು ಗುಜರಿ ಬೋರ್ಡಿಗೆ ಕೂರಿಸಿ ಕಾರಿನ ಸೀಳಿಗೆ ಹಾಕಿದಾಗ ಡ್ಯಾಶ್‌ಬೋರ್ಡಿನ ದೀಪಗಳು ತಡವಿಲ್ಲದೆ ಹೊತ್ತಿದವು. ಮಾಲೀಕರು ಕೊಟ್ಟದ್ದು ಸೇವಾ ಕೇಂದ್ರದ ಅಂದಾಜಿನ ಹದಿನೈದನೇ ಒಂದು ಭಾಗದಷ್ಟಿರಬಹುದು. ನನಗೆ ಬೋರ್ಡಿನ ಖರ್ಚು ಕಳೆದು ಚೆನ್ನಾಗಿಯೇ ಉಳಿಯಿತು. ಅಭ್ಯಾಸಕ್ಕೆ ಸುಟ್ಟ ಚಿಪ್ಪುಗಳ ಲೆಕ್ಕ ಹಿಡಿದರೆ ಮಾತ್ರ ಅಂದಿನವರೆಗೆ ನಷ್ಟವೇ.

ಎರಡೂ ಕಾರ್ಡ್ ಕಳೆದುಹೋದರೆ ಈ ಉಪಾಯ ನಡೆಯುವುದಿಲ್ಲ. ಕೀಳಲು ಚಿಪ್ಪೇ ಇರುವುದಿಲ್ಲವಲ್ಲ. ಆಗ ಖಾಲಿ ಕಾರ್ಡ್ ತಂದು ನೋಂದಾಯಿಸಲೇಬೇಕು. ಈ ತಲೆಮಾರಿನಲ್ಲಿ ನಾಲ್ಕು ಕಾರ್ಡ್‌ಗಳವರೆಗೆ ಜಾಗವಿರುತ್ತದೆ. ನೋಂದಣಿಯ ಹೊತ್ತಿಗೆ ಸೀಳಿಗೆ ತೋರಿಸದ ಕಾರ್ಡ್ ಪಟ್ಟಿಯಿಂದ ಹೊರಬೀಳುತ್ತದೆ. ಕಳ್ಳನ ಕೈ ಸೇರಿದ ಕಾರ್ಡನ್ನು ಕೊಲ್ಲಲು ಇದೇ ದಾರಿ, ಗಿರಾಕಿ ಮನೆಯಲ್ಲೇ ಬಿಟ್ಟು ಬಂದ ಒಳ್ಳೆಯ ಕಾರ್ಡ್ ಸಾಯುವುದೂ ಇದರಿಂದಲೇ. “ಎಲ್ಲ ಕಾರ್ಡ್ ತಂದಿದ್ದೀರಾ?” ಎಂದು ಮೊದಲೇ ಕೇಳಿ. ಕಾರಿನ ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟೇ ಕೆಲಸ ಶುರುಮಾಡಿ, ನಡುವೆ ವೋಲ್ಟೇಜ್ ಇಳಿದರೆ ತೊಂದರೆ ದೊಡ್ಡದು. ಪಿನ್ ಕೋಡನ್ನು ಕಂಟ್ರೋಲ್ ಯೂನಿಟ್ಟಿನಿಂದ ಓದುವ ಬಗೆಯನ್ನು ಕೇಳಬೇಡಿ. ಕಾರಿನ ದಾಖಲೆ ಮತ್ತು ಮಾಲೀಕರ ಗುರುತುಪತ್ರ ನೋಡದೆ ನಾನು ಸ್ಕ್ಯಾನರ್ ಪೆಟ್ಟಿಗೆ ತೆರೆಯುವುದಿಲ್ಲ. ಈ ಚಿಪ್ಪಿನ ಹಿಟ್ಯಾಗ್2 ಗೂಢಲಿಪಿಯನ್ನು ನಿಮಿಷಗಳಲ್ಲಿ ಮುರಿಯಬಹುದೆಂದು 2012ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಕಳ್ಳರಿಗೆ ನನ್ನ ಸಹಾಯವೂ ಬೇಕಿಲ್ಲ, ಬಿಡಿ.

ಕೈ ಸುಮ್ಮನಿರದೆ ಮಾಡಿದ ಇನ್ನೆರಡು ಪ್ರಯೋಗ ಹೇಳಿಬಿಡುತ್ತೇನೆ. ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಕಾರ್ಡ್‌ಗಳ ಸಂಕೇತವನ್ನು ದೂರಕ್ಕೆ ಸಾಗಿಸಿ ಕಾರು ಕದಿಯಬಹುದು. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲಿ ಹತ್ತು ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಆ ಸಂಕೇತವನ್ನು ತಡೆಯಬಹುದೇ ಎಂದು ನೋಡಲು ಕಾರ್ಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಾಗಿಲ ಬಳಿ ಹೋದೆ. ಒಂದೇ ಸುತ್ತು ಹಾಕಿದ್ದಾಗ ಹಿಡಿಕೆಗೆ ಒತ್ತಿ ನಿಂತರೆ ಬಾಗಿಲು ತೆರೆಯಿತು. ಅಷ್ಟು ತೆಳು ಹಾಳೆ ಇಷ್ಟು ಕೆಳಗಿನ ಆವರ್ತನದ ಕಾಂತಕ್ಷೇತ್ರವನ್ನು ಪೂರ್ತಿ ತಡೆಯದು. ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಟ್ಟಾಗ ಕಾರು ಮಿಸುಕಲಿಲ್ಲ.

ಇನ್ನೊಂದು ಟೆಸ್ಲಾ ಕಾರ್ಡ್. ಅದರಲ್ಲಿ ಸೆಲ್ಲೇ ಇಲ್ಲ, ತೀರ ಹತ್ತಿರದಲ್ಲಷ್ಟೇ ಮಾತಾಡುವ 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ ರೇಡಿಯೊ. ಬಾಗಿಲ ಕಂಬಕ್ಕೆ ತಾಗಿಸಿದರೆ ಬೀಗ ತೆರೆಯುತ್ತದೆ. ಅದರ ಸಂಖ್ಯೆಯನ್ನು ಬೇರೆ ಕಾರ್ಡಿಗೆ ನಕಲು ಮಾಡಿ ನೋಡಿದೆ, ಕಾರು ಮೂಸಿಯೂ ನೋಡಲಿಲ್ಲ. ಅದು ಸಂಖ್ಯೆ ಕೇಳುವುದಿಲ್ಲ, ಪ್ರತಿ ಸಲ ಹೊಸ ಸವಾಲು ಹಾಕಿ ಉತ್ತರ ಕೇಳುತ್ತದೆ. ಅಲ್ಲಿ ನಮ್ಮಂಥವರಿಗೆ ಕೆಲಸವೂ ಇಲ್ಲ. ಮಾಲೀಕರೇ ಕಾರಿನ ಪರದೆಯಲ್ಲಿ ಹೊಸ ಕಾರ್ಡ್ ಸೇರಿಸಿ, ಹಳೆಯ ಕೀಲಿಯಿಂದ ಒಪ್ಪಿಗೆ ಕೊಟ್ಟು, ಕಳೆದದ್ದನ್ನು ಪಟ್ಟಿಯಿಂದ ಅಳಿಸಬಹುದು.

ಚಿಪ್ ಕೀಳುವ ವಿದ್ಯೆಯನ್ನು ಈಗ ಮುಂದಿನ ತಲೆಮಾರಿನ ಕಾರ್ಡ್‌ಗಳಿಗೆ ಒಯ್ಯುತ್ತಿದ್ದೇನೆ. ಅವುಗಳ ಚಿಪ್ಪಿನ ಕಾಲುಗಳು ಇನ್ನೂ ಒತ್ತೊತ್ತಾಗಿವೆ. ಬಿಸ್ಮತ್ ಅಲ್ಲೂ ಕೆಲಸ ಮಾಡುತ್ತಿದೆ, ಒರೆಸುವಾಗ ಕಾಲು ಬಾಗುವುದೊಂದೇ ಸಮಸ್ಯೆ. ಒಡೆದ ಕಾರ್ಡ್ ಕಳಿಸುವವರು ಸೆಲ್ ತೆಗೆದು ಕಳಿಸಿ, ನೀರಿಗೆ ಬಿದ್ದ ಕಾರ್ಡಾದರಂತೂ ಆ ಕ್ಷಣವೇ ತೆಗೆಯಿರಿ. ನೀರಿಗಿಂತ ಹೆಚ್ಚಾಗಿ, ಒದ್ದೆ ಬೋರ್ಡಿನಲ್ಲಿ ಉಳಿದ ಸೆಲ್ಲೇ ಅಲ್ಲಿನ ತಾಮ್ರವನ್ನು ತಿಂದುಹಾಕುತ್ತದೆ.