ಪಂಚಾಯಿತಿಗೆ ಕೋರ್ಟ್ ಕಾಗದ ಬಂತಾ? ಮೊದಲು ತಾರೀಕು ಬರೆಯಿರಿ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗೊಂದು ಗುಡ್ಡ. ಮನೆಗೆ ಹೋಗುವ ದಾರಿ ಇನ್ಯಾರದೋ ಅಡಿಕೆ ತೋಟದ ಅಂಚಿನಲ್ಲಿ. ಮಳೆಗಾಲಕ್ಕೆ ಮುಂಚೆ ಪಂಚಾಯಿತಿ ಜಲ್ಲಿ ಹಾಕಿಸುತ್ತದೆ, ತೋಟದವರು ವಕೀಲರ ಮನೆ ಮೆಟ್ಟಿಲು ಹತ್ತುತ್ತಾರೆ. ಮುಂದೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಜಿಗೆ ಒಂದು ಲಕೋಟೆ.

ಅದನ್ನು ಅಂದೇ ಆವಕ ರಿಜಿಸ್ಟರಿಗೆ ಹತ್ತಿಸಿ. ಲಕೋಟೆಯನ್ನೂ ಕಾಗದಕ್ಕೆ ಪಿನ್ ಮಾಡಿಡಿ, ಅಂಚೆ ಮುದ್ರೆ ಬೇಕಾಗುತ್ತದೆ. ನಾನು ಕಂಡ ಒಂದು ಕಚೇರಿಯಲ್ಲಿ ಸಮನ್ಸ್, ಅಂದರೆ ದಾವೆಗೆ ಹಾಜರಾಗಿ ಎನ್ನುವ ಕೋರ್ಟಿನ ಕರೆ, ನರೇಗಾ ಫೈಲುಗಳ ಅಡಿಯಲ್ಲಿ ಸಿಕ್ಕಿತ್ತು. ಮಾಡು ಸೋರಿ ತಾರೀಕಿನ ಶಾಯಿ ಹರಡಿಹೋಗಿತ್ತು!

ಈಗ ಬಂದದ್ದು ಏನು ಅಂತ ನೋಡಿ. ವಕೀಲರ ನೋಟಿಸ್ ಆದರೆ ದಾವೆ ಇನ್ನೂ ಬಿದ್ದಿಲ್ಲ. ಸುಮ್ನೆ ಕೂರಬೇಡಿ, ಉತ್ತರ ಕೊಡಿ. ಜೊತೆಗೆ ತಾಲ್ಲೂಕು ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಇದಕ್ಕಾಗಿಯೇ ಇದೆ: ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡದಂತೆ ಮೊದಲೇ ತಿಳಿಸಿಡುವುದು. ಬಾಳಿಕೆ 90 ದಿನ, ಆಮೇಲೆ ಹೊಸದು ಹಾಕಬೇಕು.

ಸಮನ್ಸ್ ಆದರೆ ಲೆಕ್ಕ ಬೇರೆ. ಕೈಸೇರಿದ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಕೊಡಬೇಕು. ದೀಪಾವಳಿ, ಜಾತ್ರೆ ಎಲ್ಲ ಸೇರಿಯೇ ಎಣಿಕೆ. ಕಾರಣ ಸರಿಯಿದ್ದರೆ ಕೋರ್ಟು 90 ದಿನದವರೆಗೆ ಬಿಡಬಹುದು. ಆದರೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯೂ ಜೊತೆಗಿದ್ದರೆ ಅದರ ತಕರಾರನ್ನು ಮೊದಲ ತಾರೀಕಿಗೇ ಸಿದ್ಧ ಮಾಡಿಕೊಳ್ಳಿ. ಏನೂ ಮಾಡದೆ ಏಕಪಕ್ಷೀಯ ತೀರ್ಪು ಬಂದುಬಿಟ್ಟರೆ, ಅದನ್ನು ತೆಗೆಸುವ ಅರ್ಜಿಗೂ 30 ದಿನವೇ.

ವಕೀಲರ ನೇಮಕ, ಫೀಸು ಎರಡಕ್ಕೂ ಸಭೆಯ ಠರಾವು ಮಾಡಿಸಿ. ಅಧ್ಯಕ್ಷರ ಪರಿಚಯದವರು ಅಂತ ಬಾಯಿಮಾತಲ್ಲೇ ವಕಾಲತ್ತು ಒಪ್ಪಿಸಿದರೆ ನಾಳೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬೀಳುತ್ತದೆ.

ವಕೀಲರಿಗೆ ಕಥೆಗಿಂತ ಕಾಗದ ಜಾಸ್ತಿ ಬೇಕು. ಪಹಣಿ, ಗ್ರಾಮನಕ್ಷೆ, ರಸ್ತೆ ರಿಜಿಸ್ಟರ್, ಗ್ರಾಮಸಭೆಯ ನಡವಳಿ, ಹಳೆ ಕಾಮಗಾರಿಯ ಬಿಲ್ಲು. ನಕ್ಷೆಯಲ್ಲಿ ದಾರಿಯ ಚುಕ್ಕೆ ಗೆರೆ ಇದೆಯಾ? ಹತ್ತು ವರ್ಷದ ಹಿಂದೆ ಮೋರಿ ಕಟ್ಟಿಸಿದ ಬಿಲ್ಲು ಸಿಕ್ಕಿತಾ? ಅರ್ಧ ಕೆಲಸ ಅಲ್ಲೇ ಆಯಿತು. ಸಿಗದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ನಮ್ಮ ಕಡೆ ಇನ್ನೊಂದು ತೊಡಕು ಕಾಡಿನದು. ದಾರಿ ಅರಣ್ಯದ ಜಾಗದಲ್ಲಿದ್ದರೆ ಪಂಚಾಯಿತಿಯ ಠರಾವೊಂದೇ ಸಾಲದು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆ, ಕುಡಿಯುವ ನೀರಿನಂಥ ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ ಪಡೆಯಲು ಅವಕಾಶ ಉಂಟು. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಜೆಸಿಬಿ ಬರುವ ಮುಂಚೆ ನೋಡಬೇಕಾದ ಕಲಂ ಇದು, ಅಲ್ವಾ?

ದಾರಿ ಜಗಳ ಲೋಕ ಅದಾಲತ್ತಿನಲ್ಲೂ, ಅಂದರೆ ರಾಜಿ ಮಾಡಿಸುವ ಜನತಾ ನ್ಯಾಯಾಲಯದಲ್ಲೂ, ಮುಗಿಯಬಹುದು. ಎರಡಡಿ ಆಚೆ ಸರಿಸಿದರೆ ತೋಟದವರು ಒಪ್ಪುತ್ತಾರೆ ಎಷ್ಟೋ ಸಲ. ಆದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ರಾಜಿಗೆ ಸಹಿ ಹಾಕುವ ಮೊದಲು ಸರ್ವೆಯವರಿಂದ ಅಳತೆ ಮಾಡಿಸಿ, ಕಲ್ಲು ನೆಡಿಸಿ.